ಖಾಲಿ ವಾಡೆಯ ಮೋನಮ್ಮ

ಅಯ್ಯಣ್ಣ ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ಸೋಮವಾರ. ಹುಣಸಗಿ ಕಡೆಯ ಕಾಲುವೆಗೆ ಮೊದಲ ನೀರು ಬಿಟ್ಟ ದಿನ. ಮಾಸ್ತರರು ಆರನೇ ಕ್ಲಾಸಿನ ಹುಡುಗರನ್ನೆಲ್ಲ ನೀರು ನೋಡಲು ಸಾಲು ಹಿಡಿಸಿ ಕರಕೊಂಡು ಹೋಗಿದ್ದರು. ಒಣ ಕಾಲುವೆಯ ತಳದಲ್ಲಿ ಕೆಂಪು ನೀರು ಕಸಕಡ್ಡಿ ದೂಡಿಕೊಂಡು, ಮನುಷ್ಯ ನಡೆದಷ್ಟೇ ನಿಧಾನ ಬರುತ್ತಿತ್ತು. ಹುಡುಗರು ಚಪ್ಪಾಳೆ ತಟ್ಟಿ ಹೊಳ್ಳಿ ಶಾಲೆಗೆ ಹೋದರು. ಅಯ್ಯಣ್ಣ ದಂಡೆ ಹಿಡಿದು ನೀರಿನ ಜೋಡಿ ನಡೆದುಬಿಟ್ಟ. ಹೊಳ್ಳಿ ಬಂದದ್ದು ಮೂರು ವರ್ಷಕ್ಕೆ. ಅಷ್ಟರಲ್ಲಿ ತಾಯಿ ತೀರಿಹೋಗಿದ್ದಳು. ಅಕ್ಕ ಮೋನಮ್ಮ ಎಲ್ಲಿದ್ದಿ ಅಂತ ಕೇಳಲಿಲ್ಲ, ಎದಕ್ಕ ಬಂದಿ ಅಂತಲೂ ಕೇಳಲಿಲ್ಲ. ತಾಟು ಇಟ್ಟಳು.

ಆಮೇಲೆ ಅವನ ಕಾಲು ಎಲ್ಲೂ ನಿಲ್ಲಲಿಲ್ಲ. ಲಾರಿ ಕ್ಲೀನರ್ ಆದ, ಹೈದರಾಬಾದಿನ ಹೋಟೆಲಿನಲ್ಲಿ ಕಪ್ಪು ತೊಳೆದ, ಸೋಲಾಪುರದ ಇಟ್ಟಂಗಿ ಭಟ್ಟಿ ಕಂಡ, ಕಲಬುರಗಿಯಲ್ಲಿ ಹದಿನೈದು ವರ್ಷ ಮಂದಿಯ ಮದುವೆಗಳ ವಿಡಿಯೋ ತೆಗೆದ. ತನ್ನ ಮದುವೆ ಮರೆತೇಹೋಯಿತು. ಐವತ್ತು ದಾಟಿದ ಮೇಲೆ ಬೋನಾಳ ಕೆರೆಯ ಆಚೆ ದಂಡೆಯ ನಮ್ಮೂರಿಗೆ ಬಂದು, ಗುಡಿಯ ಹಿಂದೆ ಒಂದು ಖೋಲಿ ಬಾಡಿಗೆ ಹಿಡಿದ. ಈಗ ಹೇಳುವುದು ಹೋದ ವರ್ಷದ ಮಾತು. ಎಲ್ಲೋ ಯಾರಿಗೋ ಆದದ್ದಲ್ಲ. ಅವನೇ ನಮ್ಮ ಕಟ್ಟೆಯ ಮೇಲೆ ಕೂತು, ಕೈಯಲ್ಲಿನ ಬೀಡಿ ಆರಿದ್ದೂ ತಿಳಿಯದೆ ಹೇಳಿದ್ದು.

ಆ ರಾತ್ರಿ ಅವ ಶಹಾಪುರದಿಂದ ಕಡೆಯ ಬಸ್ಸಿಗೆ ಬಂದು ಕ್ರಾಸಿನಲ್ಲಿ ಇಳಿದಾಗ ಹತ್ತೂವರೆ. ಅಲ್ಲಿಂದ ಊರಿಗೆ ನಡೆಯಬೇಕು. ನಡುವೆ ಆಲದ ಮರ, ಮರದ ಬುಡಕ್ಕೆ ಹಳೆಯ ಮೆಟ್ಟಿಲ ಬಾವಿ. ಕಾಲುವೆ ಹರಿಯುತ್ತಿದ್ದರೆ ಅದರ ಸಪ್ಪಳ ಊರ ತನಕ ಜೋಡಿ ಬರುತ್ತದೆ. ಆ ವಾರ ಸರದಿ ಪ್ರಕಾರ ನೀರು ನಿಲ್ಲಿಸಿದ್ದರು. ಎಲ್ಲ ಕಡೆ ಮೌನ... ಕೆರೆಯ ಮೇಲೆ ಒಂದು ಹಕ್ಕಿ ನಿದ್ದೆಯಲ್ಲಿ ‘ಕ್ರಾಕ್’ ಎಂದು ಸುಮ್ಮನಾಯಿತು. ಬಾವಿಯೊಳಗೆ ಒಂದು ಹನಿ ಬಿತ್ತು. ಟಪ್. ಇಷ್ಟು ಹೊತ್ತು ಬಿಟ್ಟು ಮತ್ತೆ... ಟಪ್.

ಕಿಸೆಯಲ್ಲಿ ಫೋನು ಗುರ್ರ್ ಅಂತು.

ಕುವೈತಿನ ಮಹಾದೇವಪ್ಪ. ಅಲ್ಲಿ ಲಾರಿಗಳ ದಂಧೆ ಮಾಡುವ ಆಸಾಮಿ. ನಮ್ಮೂರ ವಾಡೆಯನ್ನು, ಧಣಿಗಳ ಹಳೆಯ ದೊಡ್ಡ ಮನೆಯನ್ನು, ಫೋನಿನಲ್ಲೇ ನೋಡಿ, ಫೋನಿನಲ್ಲೇ ಒಪ್ಪಿ, ಮುಂಗಡ ಕಳಿಸಿದ್ದವ. ಅವರಲ್ಲಿ ಆಗಿನ್ನೂ ಎಂಟು ಗಂಟೆ, ಊಟ ಮುಗಿಸಿ ಮತ್ತೊಮ್ಮೆ ಮನೆ ನೋಡುತ್ತ ಕೂತಿದ್ದ.

“ಅಯ್ಯಣ್ಣ, ಮನ್ಯಾಗ ಯಾರದಾರ?”

“ಯಾರೂ ಇಲ್ರಿ. ಬೀಗ ಹಾಕ್ಯಾರ.”

“ಮತ್ತ ಪಡಸಾಲ್ಯಾಗ ಈ ಕೌದಿ ಯಾರದು?”

ಅಯ್ಯಣ್ಣ ಆಲದ ಬುಡದಲ್ಲೇ ನಿಂತ. ಆ ಕಡೆಯಿಂದ ಮಹಾದೇವಪ್ಪ ನಿಧಾನ ಹೇಳಿದ: “ಮೊದಲ ಇದು ಇರಲಿಲ್ಲಪಾ. ನಾ ನೂರು ಸಲ ನೋಡೀನಿ.”

ಆ ವಾಡೆಯ ಕತೆ ತಿಳಿಯದೆ ಈ ಮಾತು ತಿಳಿಯೋದಿಲ್ಲ. ವಾಡೆಯ ಧಣಿಗಳು ಹೈದರಾಬಾದ್ ಸೇರಿ ಇಪ್ಪತ್ತೆರಡು ವರ್ಷ. ಹೋಗುವಾಗ ಮನೆ ನೋಡಿಕೊಳ್ಳಲು ಮೋನಮ್ಮನನ್ನು ಇಟ್ಟು ಹೋಗಿದ್ದರು. ಗಂಡ ಬಿಟ್ಟ ಹೆಣ್ಣುಮಗಳು, ತಲೆ ಮೇಲೆ ಸೂರು ಇದ್ದರೆ ಸಾಕು ಅಂದಳು. ಪಗಾರ ಅಂತ ಯಾರೂ ಕೊಟ್ಟಿಲ್ಲ, ಆಕೆ ಕೇಳಿಯೂ ಇಲ್ಲ. ದಿನಾ ನಸುಕಿನಲ್ಲಿ ಎದ್ದು ಅಷ್ಟೂ ಕೋಣೆಯ ಕಸ ಹೊಡೆಯುವಳು. ಯಾರೂ ಮಲಗದ ಕೋಣೆಯ ಕಸ ಯಾಕ ಹೊಡೀತಿ ಅಂತ ಓಣಿಯ ಹೆಂಗಸರು ನಕ್ಕರೆ, “ಮನಿಗೆ ಗೊತ್ತಾಗ್ತದವ್ವ” ಅನ್ನುವಳು.

ಹೀಗಿರುವಾಗ ಧಣಿಗಳಿಗೆ ವಾಡೆ ಮಾರುವ ಮನಸ್ಸಾಯಿತು. ಶಹಾಪುರದ ದಲ್ಲಾಳಿ ಅಮರಪ್ಪನ ಕೈಗೆ ಬೀಗದ ಕೈ ಬಂತು. ಈ ಅಮರಪ್ಪನ ದಂಧೆ ಹೊಸ ತರಹದ್ದು. ಕುವೈತು, ಮಸ್ಕತ್ತು, ದುಬೈ ಕಡೆ ದುಡಿಯುವ ನಮ್ಮ ಸೀಮೆಯ ಮಂದಿಗೆ ಊರಲ್ಲೊಂದು ಮನೆ ಬೇಕು, ಬಂದು ನೋಡಲು ರಜೆ ಇಲ್ಲ. ಅದಕ್ಕೆ ಇವ ಮನೆಯನ್ನೇ ಅವರ ಫೋನಿಗೆ ಕಳಿಸುವವ. ವರ್ಚುವಲ್ ಟೂರ್ ಅಂತ ಬೋರ್ಡೂ ಹಾಕಿದ್ದ. ಕೂತಲ್ಲೇ ಬೆರಳು ಒತ್ತಿದರೆ ಬಾಗಿಲು ದಾಟಿ ಒಳಗೆ ಹೋಗಬಹುದು, ಸುತ್ತ ತಿರುಗಿ ಗೋಡೆ, ತೊಲೆ, ಕಿಟಕಿ ನೋಡಬಹುದು, ನೆಲದ ಮೇಲಿನ ಬಾಣ ಒತ್ತಿದರೆ ಮುಂದಿನ ಕೋಣೆ. ಸಪ್ಪಳ ಇಲ್ಲ, ಬರೀ ಫೋಟೋ. ಅದನ್ನು ತೆಗೆಯಲು ಅಮರಪ್ಪ ಹಿಡಿದದ್ದು ನಮ್ಮ ಅಯ್ಯಣ್ಣನನ್ನು.

ಆ ಕ್ಯಾಮೆರಾಕ್ಕೆ ಹಿಂದೆ ಮುಂದೆ ಅನ್ನುವುದೇ ಇಲ್ಲ. ಎರಡೂ ಕಡೆ ಕಣ್ಣು. ಹಿಡಿದವನೇ ಫೋಟೋದಲ್ಲಿ ಬೀಳುತ್ತಾನೆ. ಅದಕ್ಕೆ ಅದನ್ನು ಕೋಲಿನ ಮೇಲೆ ಕೋಣೆಯ ನಡುವೆ ನಿಲ್ಲಿಸಿ, ತಾನು ಬಾಗಿಲ ಹಿಂದೆ ಅಡಗಿ, ಅಲ್ಲಿಂದ ಫೋನಿನಲ್ಲಿ ಒತ್ತಬೇಕು. ಅಡಗುವುದೇ ಕಸುಬು. ಅಯ್ಯಣ್ಣ ಅದರಲ್ಲಿ ಪಳಗಿದವ. ಜನ್ಮವೆಲ್ಲ ಯಾರ ಕಣ್ಣಿಗೂ ಬೀಳದೆ ಜಾಗ ಖಾಲಿ ಮಾಡಿದವನಿಗೆ ಅದೇನು ದೊಡ್ಡದು?

ವಾಡೆಯ ಕೆಲಸ ಬಂದಾಗ ಅವ ಒಂದು ಮಾತು ಕೇಳಿದ್ದ. ಮನೆ ಕೊಂಡವರು ಅಕ್ಕನನ್ನು ಅಲ್ಲೇ ಇಟ್ಟುಕೊಳ್ಳುತ್ತಾರೇನು, ಪರದೇಶದಲ್ಲಿರುವವರಿಗೆ ನೋಡಿಕೊಳ್ಳಲು ಒಬ್ಬರು ಬೇಕಲ್ಲ, ಅಂತ. ಅಮರಪ್ಪ ಎಲಿ ಉಗುಳಿ ನಕ್ಕ.

“ಖಾಲಿ ಮನಿಗೆ ರೇಟು, ಮಂದಿ ಇದ್ದ ಮನಿಗೆ ಕೋರ್ಟು. ಆಕಿದು ಒಂದು ಚಮಚ ಸೈತ ಕಾಣಬಾರದು ನೋಡು. ಮುಂದಿಂದು ಮುಂದ ಹೇಳೂಣು.”

ಅಯ್ಯಣ್ಣ ಅಕ್ಕನಿಗೆ ಹೇಳಿದ್ದು ಕಡೆಯ ಮಾತು ಮಾತ್ರ. ಅದನ್ನೂ ತಿದ್ದಿ ಹೇಳಿದ: ಮುಂದೆ ಹೇಳಿ ನಿನ್ನನ್ನೇ ಇಡಿಸ್ತಾರ.

ಮೋನಮ್ಮನ ಸಂಸಾರ ಐದೇ ಸಾಮಾನಿನದು. ಹಳೆ ಬಟ್ಟೆ ಕೂಡಿಸಿ ಹೊಲಿದ ಕೌದಿ, ತಾಮ್ರದ ಕೊಡ, ರೊಟ್ಟಿ ಬುಟ್ಟಿ, ಹಿಟ್ಟು ನಾದುವ ಕೊಣಮಿಗಿ, ಒಂದು ತಗಡಿನ ಟ್ರಂಕು. ಆದರೆ ಹಳೆ ವಾಡೆಯಲ್ಲಿ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲು ಕಾಣುತ್ತದೆ. ಪಡಸಾಲೆ ತೆಗೆಯುವಾಗ ಸಾಮಾನು ಅಡುಗೆಮನೆಯ ಗೋಡೆ ಹಿಂದೆ, ಅಡುಗೆಮನೆ ತೆಗೆಯುವಾಗ ಮತ್ತೆ ಪಡಸಾಲೆಯ ಮೂಲೆಗೆ. ಹೀಗೆ ಅಕ್ಕ ತಮ್ಮ ಇಬ್ಬರೂ ದಿನವಿಡೀ ಹೊತ್ತು ತಿರುಗಿದರು. ಪ್ರತಿ ಕೋಣೆಯಲ್ಲೂ ಬಾಗಿಲ ಹಿಂದೆ ಒಬ್ಬರಿಗೊಬ್ಬರು ಒತ್ತಿಕೊಂಡು ಉಸಿರು ಹಿಡಿದು ನಿಂತರು. ಮೊದಲು ಮೋನಮ್ಮನಿಗೆ ನಗು. ಸಣ್ಣಕ್ಕಿದ್ದಾಗ ಹಿಂಗ ಅಡಗಿ ಆಡ್ತಿದ್ದೆವು ಅಂದಳು. ನಮ್ಮ ಸಾಮಾನ ನಾವ ಕದಿಯಾಕತ್ತೀವಲ್ಲೋ ಅಂದಳು. ಮಧ್ಯಾಹ್ನದ ಮೇಲೆ ನಗು ನಿಂತಿತು. ಅಡುಗೆಮನೆಯಲ್ಲಿ ಕೊಡವನ್ನು ಎತ್ತಲು ಬಗ್ಗಿದವಳು ಎತ್ತಲಿಲ್ಲ.

“ತಮ್ಮಾ, ಇದೊಂದು ಇರಲಿ.”

“ಬ್ಯಾಡಕ್ಕ. ಕಾಣ್ತದ.”

“ಕಾಣಲಿ ಅಂತನ ಹೇಳಾಕತ್ತೀನಿ. ಇಲ್ಲಿ ಒಬ್ಬಾಕಿ ಅದಾಳ ಅಂತ ಆ ಮನಷ್ಯಾಗ ಗೊತ್ತಾಗ್ಲಿ.”

ಅಯ್ಯಣ್ಣ ತಾನೇ ಬಗ್ಗಿ ಕೊಡ ಎತ್ತಿದ. ಆಕೆ ಹೋಗಿ ಬಾಗಿಲ ಹಿಂದೆ ನಿಂತಳು.

ಫೋಟೋಗಳು ಭಾಳ ಚೆಂದ ಬಂದವು. ಮಹಾದೇವಪ್ಪ ಒಂದೇ ವಾರದಲ್ಲಿ ಒಪ್ಪಿದ. ಎಂಟು ದಿನದೊಳಗೆ ಜಾಗ ಬಿಡಬೇಕು ಅಂತ ಅಮರಪ್ಪ ಮೋನಮ್ಮನಿಗೆ ಮಂದಿ ಕೈಲಿ ಹೇಳಿ ಕಳಿಸಿದ, ತಾನು ಬರಲಿಲ್ಲ. ಅವತ್ತು ಅಯ್ಯಣ್ಣ ಶಿರವಾಳದ ಹತ್ತಿರ ಯಾವುದೋ ತೋಟದ ಫೋಟೋ ತೆಗೆಯುತ್ತಿದ್ದ. ಅಕ್ಕನ ಫೋನು ಬಂತು. ಅಳಲಿಲ್ಲ, ಬೈಯಲಿಲ್ಲ.

“ತಮ್ಮಾ, ಆ ಕುವೈತಿನಾಂವಗ ನಾ ಇರೋದು ಗೊತ್ತದೇನು?”

“ಹಲೋ... ಅಕ್ಕಾ... ಕೇಳಿಸವಲ್ದು...” ಅಂದ ಅಯ್ಯಣ್ಣ. ಕೇಳಿಸುತ್ತಿತ್ತು. ಫೋನು ಇಟ್ಟ.

ಮೂರನೇ ದಿನ ಹುಣಸಗಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮೋನಮ್ಮ ತೀರಿಕೊಂಡಳು. ದೂರದ ಬಂಧು ಭೀಮವ್ವನ ಊರಿಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದಳಂತೆ. ಕೂತವಳು ಕೂತಂಗೇ. ಎರಡು ಬಸ್ಸು ಬಂದು ಹೋದ ಮೇಲೆ ಕಂಡಕ್ಟರ್ ಭುಜ ಮುಟ್ಟಿದಾಗ ಗೊತ್ತಾಯಿತು. ಐದೂ ಸಾಮಾನು ಪಕ್ಕದಲ್ಲಿದ್ದವು. ಕೌದಿಯನ್ನು ಆಕೆಯ ಮೇಲೆ ಹೊಚ್ಚಿಯೇ ಕುಣಿಯಲ್ಲಿ ಇಳಿಸಿ ಮಣ್ಣು ಕೊಟ್ಟೆವು. ಕೊಡ, ಬುಟ್ಟಿ, ಕೊಣಮಿಗಿ, ಟ್ರಂಕು ಪದ್ಧತಿ ಪ್ರಕಾರ ದಾನ ಹೋದವು. ನಾವೆಲ್ಲ ಅಲ್ಲೇ ಇದ್ದೆವು. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಮಣ್ಣು ಕೊಟ್ಟು ಹದಿನೇಳನೇ ದಿನಕ್ಕೆ ಮಹಾದೇವಪ್ಪ ಫೋನು ಮಾಡಿ ಕೇಳಿದ್ದು ಅದೇ ಕೌದಿಯನ್ನು.

ಆಲದ ಮರದ ಕೆಳಗೆ ಅಯ್ಯಣ್ಣ ಫೋನಿನಲ್ಲಿ ಟೂರ್ ತೆರೆದ. ಹೊರಬಾಗಿಲು. ಅದು ಇದ್ದಂಗೇ ಇತ್ತು. ಬಾಣ ಒತ್ತಿದ. ಪಡಸಾಲೆ... ಮೂಲೆಯಲ್ಲಿ ಮಡಚಿಟ್ಟ ಕೌದಿ. ಬೆರಳಿಂದ ಎಳೆದು ದೊಡ್ಡದು ಮಾಡಿ ನೋಡಿದ. ನಡುವೆ ಒಂದು ನೀಲಿ ತೇಪೆ. ತಾನು ಮನೆಯಲ್ಲಿ ಬಿಟ್ಟುಹೋದ ಇನ್ನೊಂದು ಶಾಲೆ ಅಂಗಿಯದು, ಅಕ್ಕ ಹಚ್ಚಿದ್ದು. ಮತ್ತೊಂದು ಬಾಣ. ಅಡುಗೆಮನೆ... ಕೊಡ, ಬುಟ್ಟಿ, ಕೊಣಮಿಗಿ. ಒಲೆಯ ಪಕ್ಕ, ಇರಬೇಕಾದಲ್ಲಿ. ಕೊನೆಯ ಕೋಣೆ... ಟ್ರಂಕು. ಎಲ್ಲ ಇದ್ದವು. ಆಕೆ ಮಾತ್ರ ಎಲ್ಲೂ ಇಲ್ಲ.

ಅವ ಪ್ರತಿ ಕೋಣೆಯಲ್ಲೂ ಬಾಗಿಲನ್ನೇ ನೋಡಿದನಂತೆ. ಬಾಗಿಲ ಹಿಂದೆ ಏನಿದೆ ಅನ್ನುವುದು ಆ ಫೋಟೋದಲ್ಲಿ ಕಾಣುವುದಿಲ್ಲ. ಅದನ್ನು ಅವನಷ್ಟು ಚೆನ್ನಾಗಿ ಬಲ್ಲವರು ಯಾರು?

ಬಾವಿಯೊಳಗಿನ ಹನಿ ನಿಂತಿತ್ತು. ಖೋಲಿಗೆ ಹೇಗೆ ಬಂದು ಮುಟ್ಟಿದನೋ ಅವನಿಗೇ ನೆನಪಿಲ್ಲ.

ಮಹಾದೇವಪ್ಪ ಮುಂಗಡ ವಾಪಸ್ ಕೇಳಿದ. ಮಂದಿ ಇರೋ ಮನಿ ಖಾಲಿ ಅಂತ ತೋರಿಸೀರಿ ಅಂದ. ಅಮರಪ್ಪ ಮರುದಿನವೇ ಮೋಟರ್ ಸೈಕಲ್ ಹತ್ತಿ ಬಂದ. ಅವನ ಫೋನಿನಲ್ಲೂ ಸಾಮಾನು ಕಂಡಿದ್ದವು.

“ಅಕ್ಕನ ಸೇಡು ತೀರಸ್ಕೊಳ್ಳಾಕತ್ತಿಯೇನಲೇ? ಹಳೇ ಫೋಟೋ ಯಾಕ ಹಾಕಿದಿ?”

“ಹಂಥಾ ಫೋಟೋ ನಾ ತಗದೇ ಇಲ್ರಿ ಸಾವಕಾರ್ರ. ಸಾಮಾನಿದ್ದಾಗ ಕ್ಯಾಮೆರಾ ತಗದೇ ಇಲ್ಲ.”

ಅಮರಪ್ಪ ನಂಬಲಿಲ್ಲ. ಈ ಸಲ ತಾನೇ ಎದುರು ನಿಂತು ತೆಗೆಸುತ್ತೇನೆ ಅಂದ. ಬರೀ ಮುಂಗಡದ ಮಾತಲ್ಲ ಅದು, ಅವನ ಹೆಸರಿನ ಮಾತು. ಒಬ್ಬ ಗಿರಾಕಿ ಸುಳ್ಳು ಅಂದರೆ ಇಡೀ ಗಲ್ಫಿನ ಗಿರಾಕಿಗಳು ಹೋದಂಗೆ. ಹೊತ್ತು ಇಳಿಯುವಾಗ ಇಬ್ಬರೂ ವಾಡೆಗೆ ಹೋದರು. ಬೀಗ ‘ಕಿಟ್’ ಎಂದು ಒಂದೇ ಸಲಕ್ಕೆ ಬಿಚ್ಚಿತು. ಒಳಗೆ ಏನೂ ಇರಲಿಲ್ಲ. ಕೌದಿ ಇಲ್ಲ, ಕೊಡ ಇಲ್ಲ. ಬರೀ ನೆಲ.

“ನೋಡ್ದಿ?” ಅಂದ ಅಮರಪ್ಪ. “ತಗೀ ಈಗ.”

ಪಡಸಾಲೆ ಮುಗಿಯಿತು. ಅಡುಗೆಮನೆಯ ನಡುವೆ ಕೋಲು ನಿಲ್ಲಿಸಿದರು. ಅಮರಪ್ಪ ಫೋಟೋದಲ್ಲಿ ಬೀಳಬಾರದಲ್ಲ, ಅವನೂ ಅಡಗಬೇಕು. ಬಾಗಿಲ ಹಿಂದೆ ಅವ ಹೊಕ್ಕ. ದಪ್ಪ ಮನುಷ್ಯ, ಜಾಗ ಅವನಿಗೇ ಸಾಲದು. ಅಯ್ಯಣ್ಣ ಹೊರಗೆ ಗೋಡೆಯ ಆಚೆ, ಪಡಸಾಲೆಯಲ್ಲಿ ನಿಂತ. ನಡುವೆ ಒಂದು ಮೊಳ ದಪ್ಪದ ಗೋಡೆ.

ಒತ್ತಬೇಕು ಅನ್ನುವಷ್ಟರಲ್ಲಿ ಒಳಗಿಂದ ಸಪ್ಪಳ ಬಂತು.

ಪಟ್... ಪಟ್... ಪಟ್...

ರೊಟ್ಟಿ ಬಡಿಯುವ ಸಪ್ಪಳ. ಮೊದಲು ನಿಧಾನ, ಹಿಟ್ಟು ಅಗಲ ಆದಂಗೆ ಜಲ್ದಿ. ನಮ್ಮ ಕಡೆ ಅದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ತಿರುವಿ ಹಾಕುವಾಗ ಸ್ವಲ್ಪ ನಿಲ್ಲುತ್ತದೆ... ನಿಂತಿತು... ಮತ್ತೆ ಶುರುವಾಯಿತು. ಅಯ್ಯಣ್ಣ ಕೈಯಲ್ಲಿನ ಫೋನು ನೋಡಿದ. ಕ್ಯಾಮೆರಾ ಕಾಣುವುದೆಲ್ಲ ಅದರಲ್ಲಿ ಕಾಣುತ್ತದೆ. ಆರಿದ ಒಲೆ, ಬರಿದು ನೆಲ, ತೆರೆದ ಬಾಗಿಲು. ಮತ್ತೇನಿಲ್ಲ.

ಬಾಗಿಲ ಹಿಂದಿನಿಂದ ಅಮರಪ್ಪ ಪಿಸುಗುಟ್ಟಿದ.

“ಅಯ್ಯಣ್ಣ... ಸರಿಯೋ ಅತ್ತಾಗ. ಮೈಗೆ ಒತ್ತಬ್ಯಾಡ.”

ಅಯ್ಯಣ್ಣ ಗೋಡೆಯ ಆಚೆಯಿಂದಲೇ ಅಂದ: “ಸಾವಕಾರ್ರ... ನಾ ಹೊರಗದೀನ್ರಿ.”

ಸಪ್ಪಳ ನಿಂತಿತು. ಒಂದು ಉಸಿರಿನಷ್ಟು ಹೊತ್ತು ಏನಿಲ್ಲ. ಆಮೇಲೆ ಅಮರಪ್ಪ ಬಾಗಿಲಿಗೆ ಹಣೆ ಬಡಿದುಕೊಂಡು ಹೊರಗೆ ಬಿದ್ದ. ಚಪ್ಪಲಿ ಬಿಟ್ಟು ಅಂಗಳ ದಾಟಿದ. ಕಟ್ಟೆಯ ಹತ್ತಿರ ಬಂದು ನಿಂತಾಗ ನಾವೆಲ್ಲ ನೋಡಿದೆವು, ಅವನ ಬಲತೋಳಿನ ಅಂಗಿಯ ಮೇಲೆ ಮೊಣಕೈ ತನಕ ಜೋಳದ ಹಿಟ್ಟು. ಝಾಡಿಸಿದರೆ ಉದುರಿತು. ನೀರು ಕುಡಿದು ಹೋದ.

ಆದರೂ ದಂಧೆ ದಂಧೆಯೇ. ಆ ಗಡಿಬಿಡಿಯಲ್ಲೂ ಅಯ್ಯಣ್ಣನ ಬೆರಳು ಒತ್ತಿತ್ತು, ಫೋಟೋ ಬಂದಿತ್ತು. ಸ್ವಚ್ಛ ಖಾಲಿ ಅಡುಗೆಮನೆ. ಉಳಿದ ಕೋಣೆಗಳನ್ನು ಮರುದಿನ ಹನ್ನೆರಡರ ಬಿಸಿಲಲ್ಲಿ, ನಾಲ್ಕು ಮಂದಿಯನ್ನು ಬಾಗಿಲಲ್ಲಿ ಕಾವಲು ನಿಲ್ಲಿಸಿ ತೆಗೆಸಿದರು. ಅವನ್ನೂ ಹಾಕಿದರು. ಸಾಮಾನು ಮತ್ತೆ ಕಾಣಲಿಲ್ಲ. ಅಯ್ಯಣ್ಣ ಅವತ್ತೇ ಕ್ಯಾಮೆರಾ, ಕೋಲು ಎರಡನ್ನೂ ಅಮರಪ್ಪನ ಮುಂದೆ ಇಟ್ಟ. ಇನ್ನು ನನ್ನ ಕೈಲಿ ಆಗೂದಿಲ್ಲರಿ ಅಂದ. ವಾರ ಕಳೆದ ಮೇಲೆ ಖೋಲಿಯಲ್ಲಿ ಗೋಡೆಯ ಗೂಟಕ್ಕೆ ನೇತು ಹಾಕಿದ್ದ ಅಂಗಿಗಳನ್ನು ತೆಗೆಯತೊಡಗಿದ. ಎಲ್ಲಿಗೆ ಅಂದರೆ, ರಸ್ತೆಕ ಹೋದ ಮ್ಯಾಲ ನೋಡೂಣು ಅಂದ. ನಾನು ಬಾಗಿಲಲ್ಲಿ ಕೂತಿದ್ದೆ.

ಆಗ ಅಮರಪ್ಪನ ಫೋನು ಬಂತು. ಮಾತು ನನಗೂ ಕೇಳುತ್ತಿತ್ತು, ಹಳೇ ಫೋನು, ಧ್ವನಿ ಜೋರು.

ಮಹಾದೇವಪ್ಪ ಮುಂಗಡ ಹಿಂದಕ್ಕೆ ಪಡೆದು ಕೈಬಿಟ್ಟಿದ್ದ, ಹೊಸ ಗಿರಾಕಿ ಸಿಕ್ಕಿದ್ದಳು. ಶಹಾಪುರದ ಶರೀಫಾಬೀ. ಇಪ್ಪತ್ತು ವರ್ಷದಿಂದ ಮಸ್ಕತ್ತಿನಲ್ಲಿ ಮಂದಿ ಮನೆಯ ಅಡುಗೆ, ಮಂದಿ ಮಕ್ಕಳ ಕುಂಡಿ ತೊಳೆಯುವ ಕೆಲಸ ಮಾಡಿದಾಕೆ. ಇನ್ನು ತನ್ನದೊಂದು ಒಲೆ ಬೇಕು ಅಂತ ಹುಡುಕುತ್ತಿದ್ದಳು. ಫೋನಿನಲ್ಲಿ ನೋಡಿದ ವಾಡೆ ಆಕೆಯ ಮನಸ್ಸಿಗೆ ಬಂತು. ಕೇಳಿದ ಬೆಲೆಗೆ ಒಪ್ಪಿದ್ದಳು. ಒಂದು ಶರತ್ತು.

“ಆ ಹೆಣ್ಮಗಳನ್ನ ಮನ್ಯಾಗ ಇಡಬೇಕಂತ,” ಅಂದ ಅಮರಪ್ಪ. ಅವನ ಧ್ವನಿ ದಲ್ಲಾಳಿಯ ಧ್ವನಿಯಾಗಿರಲಿಲ್ಲ. “ಯಾವ ಹೆಣ್ಮಗಳ್ರೀ ಅಂದ್ರ, ಬಾಗಿಲ ಹಿಂದ ನಿಂತು ಮನಿ ತೋರಿಸಿದ್ಲಲ್ರೀ, ಆಕಿ ಅಂದ್ಲು. ಆಕಿ ಮಾರಿ ಕಾಣಲಿಲ್ಲ, ಮಾತು ಮಾತ್ರ ಕೇಳ್ತು ಅಂದ್ಲು.”

ಅಯ್ಯಣ್ಣ ಮಡಚುತ್ತಿದ್ದ ಅಂಗಿ ಕೆಳಗಿಟ್ಟ. “ಏನಂದ್ಲಂತ್ರಿ ಆಕಿ?”

ಅಮರಪ್ಪ ಒಂದೊಂದೇ ಹೇಳಿದ. ಕಾಲುವೆಗೆ ನೀರು ಬಿಟ್ಟಾಗ ಬಡಗಣ ಗೋಡೆ ಬೆವರ್ತದ, ಅಲ್ಲಿ ಜೋಳದ ಚೀಲ ಇಡಬ್ಯಾಡ್ರಿ ಅಂದಳಂತೆ. ಅಡುಗೆಮನೆಗೆ ನಸುಕಿನ ಬೆಳಕು ಚಲೋ ಬರ್ತದ ಅಂದಳಂತೆ. ಪಡಸಾಲೆಯ ಮೂರನೇ ಸಾಲಿನ ಹಾಸುಗಲ್ಲಿನ ಕೆಳಗೆ ಹಗೇವು ಅದ, ಕಾಳು ತುಂಬೂದು ಬಿಟ್ಟು ನಲವತ್ತು ವರ್ಷ ಆಯ್ತು, ಕಲ್ಲು ಸಡ್ಲಾಗ್ಯದ, ನಿಮ್ಮ ಮೊಮ್ಮಕ್ಕಳನ್ನ ಅದರ ಮ್ಯಾಲ ಕುಣಿಯಾಕ ಬಿಡಬ್ಯಾಡ್ರಿ ಅಂದಳಂತೆ. ಹಗೇವು ಇರುವುದು ಹೈದರಾಬಾದಿನ ಧಣಿಗಳಿಗೂ ನೆನಪಿರಲಿಲ್ಲ.

“ಇಪ್ಪತ್ತು ವರ್ಷದಾಗ ನನಗ ಇಷ್ಟು ಕಾಳಜೀಲೆ ಯಾರೂ ಮಾತಾಡ್ಸಿಲ್ಲ, ಆಕಿ ಇದ್ರ ಮನಿ ತಗೋತೀನಿ, ಇಲ್ಲಂದ್ರ ಬ್ಯಾಡ ಅಂತಾಳೋ ಅಯ್ಯಣ್ಣ. ಈಗ ನಾ ಏನಂತ ಹೇಳ್ಲಿ?”

ಅಯ್ಯಣ್ಣ ಕೆಳಗಿಟ್ಟ ಅಂಗಿಯನ್ನು ಮತ್ತೆ ಎತ್ತಿ ಮಡಚಿದ. ಫೋನಿನಲ್ಲಿ ಅಮರಪ್ಪನ ಉಸಿರು ಕೇಳುತ್ತಿತ್ತು.

“ಇರ್ತಾಳ ಅಂತ ಹೇಳ್ರಿ.”

ಅಷ್ಟೇ ಅಂದ.

ಸುಳ್ಳು ಅನ್ನುವವರು ಅನ್ನಲಿ. ಅವತ್ತೇ ಸಂಜೆ ಅಮರಪ್ಪ ಹೇಳಿ ಕಳಿಸಿದಾಗ ಆ ಮೂರನೇ ಸಾಲಿನ ಕಲ್ಲಿಗೆ ಹಾರೆ ಹಾಕಿದವ ನಾನು. ಕಲ್ಲು ‘ಘರ್ರ್’ ಎಂದು ಜರುಗಿತು, ಕೆಳಗೆ ಹಗೇವು ಇತ್ತು. ಆಳು ಮುಳುಗುವಷ್ಟು ಆಳ. ಹಗ್ಗಕ್ಕೆ ಬ್ಯಾಟರಿ ಕಟ್ಟಿ ಇಳಿಬಿಟ್ಟು ನೋಡಿದವನೂ ನಾನೇ. ನಲವತ್ತು ವರ್ಷ ಮುಚ್ಚಿದ ಜಾಗ. ಒಂದು ಕಾಳಿಲ್ಲ, ಒಂದು ಜೇಡರ ಬಲೆ ಇಲ್ಲ. ತಳದ ಮಣ್ಣಿನ ಮೇಲೆ ಅಂಚಿಂದ ಅಂಚಿಗೆ ಕಸಬರಿಗೆಯ ಗೆರೆ. ಅದೇ ಮುಂಜಾನೆ ಹೊಡೆದಂಗೆ.

ಹೊಳ್ಳಿ ಬಂದು ಅಯ್ಯಣ್ಣನಿಗೆ ಇದನ್ನು ಹೇಳಿದೆ. ಅವ ಆಗಲೇ ಚೀಲದ ಬಾಯಿ ಕಟ್ಟುತ್ತಿದ್ದ. ಗಂಟು ಬಿಚ್ಚಿ, ಚಾದರ ಒಂದು ಉಳಿದಿತ್ತು, ಅದನ್ನು ತುರುಕಿ ಮತ್ತೆ ಕಟ್ಟಿದ. ಸುರಪುರದ ಮೊದಲ ಬಸ್ಸು ಎಷ್ಟಕ್ಕ ಅಂತ ಕೇಳಿದ.